ಆಫೀಸು, ಚಾರಣ, ಮಳೆಗಾಲದ ತುರ್ತು: ಮೂರಕ್ಕೂ ಒಂದೇ ಬ್ಯಾಗ್ ಸಾಕಾ?

ಪರ್ಪಲ್ ಲೈನ್ ಪಯಣಿಗ

ಎಲ್ಲರಿಗೂ ನಮಸ್ಕಾರ. ಹೊಸ ಬ್ಯಾಗ್ ತಗೋಬೇಕು ಅಂತ ಕೂತಿದ್ದೇನೆ, ನೋಡಿದಷ್ಟೂ ಗೊಂದಲ ಜಾಸ್ತಿಯಾಗುತ್ತಿದೆ. ನನ್ನ ಅಗತ್ಯ ಮೂರು ಥರದ್ದು. ಒಂದು, ದಿನಾ ಮೆಟ್ರೋದಲ್ಲಿ ವೈಟ್‌ಫೀಲ್ಡ್ ಕಡೆ ಆಫೀಸು: ಲ್ಯಾಪ್‌ಟಾಪ್, ಚಾರ್ಜರ್, ಊಟದ ಡಬ್ಬಿ, ನೀರು, ಛತ್ರಿ. ಎರಡು, ಚಳಿಗಾಲದಲ್ಲಿ ಚಾರಣ. ಈ ಸಲ ಗೆಳೆಯರ ಜೊತೆ ಕುಮಾರ ಪರ್ವತಕ್ಕೆ ಬುಕ್ ಮಾಡಿದ್ದೇವೆ. ಮೂರನೆಯದು ಸ್ವಲ್ಪ ಬೇರೆ. ಅಪ್ಪ ಅಮ್ಮ ಸೋಮವಾರಪೇಟೆ ಹತ್ತಿರ ಇದ್ದಾರೆ, ಮನೆ ಹಿಂದೆಯೇ ಗುಡ್ಡ. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಮೇಲೆ ಆಗಸ್ಟ್ ಬಂದರೆ ಸಾಕು, ಅಮ್ಮನಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಹೇಳಿದ ತಕ್ಷಣ ಎತ್ತಿಕೊಂಡು ಹೊರಡೋ ಹಾಗೆ ಒಂದು ಬ್ಯಾಗ್ ರೆಡಿ ಇರಬೇಕು ಅನ್ನಿಸಿದೆ.

35-40 ಲೀಟರಿನ ಒಂದು ಒಳ್ಳೆ ಬ್ಯಾಗ್ ತಗೊಂಡರೆ ಮೂರಕ್ಕೂ ಆಗುತ್ತಾ? ಬಜೆಟ್ 4 ಸಾವಿರ, ಎಳೆದರೆ 5.

ಗಿರಿಗದ್ದೆ ಗಿರಾಕಿ

ಆಗೋದಿಲ್ಲ ಸರ್. ಮೂರನೆಯದನ್ನು ಈ ಲೆಕ್ಕದಿಂದಲೇ ತೆಗೆದುಬಿಡಿ. ಆ ಬ್ಯಾಗ್ ಇರಬೇಕಾದ್ದು ಸೋಮವಾರಪೇಟೆಯಲ್ಲಿ, ನೀವಿರೋದು ಬೆಂಗಳೂರಲ್ಲಿ. ನಿಮ್ಮ ಬೆನ್ನ ಮೇಲಿರೋದು ಅವರಿಗೇನು ಉಪಯೋಗ?

ಉಳಿದ ಎರಡಕ್ಕೆ ಬರೋಣ. ಕುಮಾರ ಪರ್ವತ ಅಂದ ತಕ್ಷಣ ಜನ ದೊಡ್ಡ ರಕ್‌ಸ್ಯಾಕ್ ಹುಡುಕುತ್ತಾರೆ. ಮೊದಲೆಲ್ಲ ಟೆಂಟ್, ಸ್ಲೀಪಿಂಗ್ ಬ್ಯಾಗ್ ಹೊತ್ತು ಶೇಷ ಪರ್ವತದ ಕಡೆ ರಾತ್ರಿ ಕಳೆಯುತ್ತಿದ್ದರು, ಆಗ 50 ಲೀಟರ್ ಬೇಕಾಗುತ್ತಿತ್ತು. ಈಗ ಮೇಲೆ ಟೆಂಟ್ ಹಾಕೋದಕ್ಕೆ ಬಿಡೋದಿಲ್ಲ. 2024ರ ಜನವರಿ ಕೊನೆಯಲ್ಲಿ ಆದ ನೂಕುನುಗ್ಗಲಿನ ನಂತರ ಆನ್‌ಲೈನ್ ಬುಕಿಂಗ್ ಬೇರೆ ಬಂದಿದೆ, ಬೆಳಿಗ್ಗೆ ಬೇಗ ಹತ್ತು, ಬೆಳಕಿರುವಾಗಲೇ ಇಳಿ, ಅಷ್ಟೇ. ಅಂದಮೇಲೆ ಹೊರೋದಕ್ಕೆ ಏನಿದೆ? 3 ಲೀಟರ್ ನೀರು, ಊಟ, ಮಳೆಯಂಗಿ, ಒಂದು ಒಣ ಟೀ ಶರ್ಟ್, ಹೆಡ್‌ಟಾರ್ಚ್, ಔಷಧಿ. 25 ಲೀಟರಿನಲ್ಲಿ ಆರಾಮಾಗಿ ಕೂರುತ್ತೆ. 40 ಲೀಟರ್ ತಗೊಂಡರೆ ಖಾಲಿ ಜಾಗ ನೋಡಿ ನೀವೇ ತುಂಬುತ್ತೀರಿ, ಕಲ್ಲು ಮಂಟಪ ದಾಟಿದ ಮೇಲೆ ಬಿಸಿಲಲ್ಲಿ ಆ ಒಂದೊಂದು ಸಾಮಾನಿಗೂ ಶಾಪ ಹಾಕುತ್ತೀರಿ.

ಶಿಖರ 1712 ಮೀಟರ್. ಕುಕ್ಕೆ ಕಡೆಯಿಂದ ಹೋದರೆ ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ನೇರ ಎತ್ತರ ಏರಬೇಕು. ಸಾಮಾನು ಒಂದು ಕಿಲೋ ಕಡಿಮೆಯಾದರೂ ಇಳಿಯುವಾಗ ಮಂಡಿಗೆ ಗೊತ್ತಾಗುತ್ತೆ.

ಇನ್ನೊಂದು, ಚೆಕ್‌ಪೋಸ್ಟ್‌ನಲ್ಲಿ ಬ್ಯಾಗ್ ಬಿಚ್ಚಿಸಿ ಪ್ಲಾಸ್ಟಿಕ್ ನೋಡುತ್ತಾರೆ. ಬಿಸ್ಕೆಟ್ಟು, ಚಿಪ್ಸ್ ಎಲ್ಲ ಮನೆಯಲ್ಲೇ ಡಬ್ಬಿಗೆ ಹಾಕಿಕೊಂಡು ಹೋದರೆ ಅಲ್ಲಿ ನಿಂತು ಎಣಿಸಿಕೊಡೋ ಕಷ್ಟ ಇರೋದಿಲ್ಲ.

500ಡಿ ಪ್ಯಾಸೆಂಜರ್

ಆಫೀಸ್ ಬ್ಯಾಗ್ ಬಗ್ಗೆ ನಾನು ಹೇಳುತ್ತೇನೆ, ಅದು ನನ್ನ ವಿಷಯ.

ಮೊದಲು ಈಗಿರೋ ಬ್ಯಾಗನ್ನ ತೂಕಕ್ಕೆ ಹಾಕಿ. ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ 4ರಿಂದ 5 ಕೆಜಿ ಅಂತ ಮಿತಿ ಹಾಕಿದೆ. ನಮ್ಮ ಐಟಿ ಜನರ ಬ್ಯಾಗ್ ಅದನ್ನ ಸುಲಭವಾಗಿ ದಾಟುತ್ತೆ! ಲ್ಯಾಪ್‌ಟಾಪು ಚಾರ್ಜರು ಸೇರಿ ಎರಡು ಕೆಜಿ ಮೇಲೆ, ಸ್ಟೀಲ್ ಬಾಟಲಿಗೆ ನೀರು ತುಂಬಿದರೆ ಒಂದೂಕಾಲು, ಡಬ್ಬಿ ಇನ್ನೊಂದು, ಆಮೇಲೆ ಯಾವತ್ತೋ ಬೇಕಾಗಬಹುದು ಅಂತ ಒಳಗೆ ಸೇರಿಕೊಂಡು ಹೊರಗೆ ಬರದೇ ಇರೋ ಸಾಮಾನು. ಹಳೇ ಬಿಲ್ಲು, ಎರಡನೇ ಮೌಸು, ಕಳೆದ ವರ್ಷದ ಡೈರಿ. ಅದನ್ನೆಲ್ಲ ತೆಗೆದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಅಂಗಡಿಯಲ್ಲಿ ಒಂದು ವಿಷಯ ಮಾತ್ರ ತಪ್ಪದೇ ನೋಡಿ. ಲ್ಯಾಪ್‌ಟಾಪ್ ಇಡೋ ಜಾಗಕ್ಕೆ ಕೈ ಹಾಕಿ ಕೆಳಗಿನವರೆಗೂ ಇಳಿಸಿ. ಆ ಜೇಬಿನ ತಳ ಬ್ಯಾಗಿನ ತಳಕ್ಕಿಂತ ಎರಡು ಬೆರಳು ಮೇಲೇ ನಿಲ್ಲಬೇಕು. ತಳದವರೆಗೂ ಇಳಿದಿದ್ದರೆ, ನೀವು ಬ್ಯಾಗ್ ನೆಲಕ್ಕೆ ಧಪ್ ಅಂತ ಇಟ್ಟಾಗಲೆಲ್ಲ ಪೆಟ್ಟು ನೇರ ಲ್ಯಾಪ್‌ಟಾಪಿಗೆ. ದುಡ್ಡು ಜಾಸ್ತಿ ಇರೋ ಬ್ಯಾಗಿನಲ್ಲೂ ಇದನ್ನ ಮರೆತಿರುತ್ತಾರೆ.

ಸ್ಕೂಟರ್ ಓಡಿಸುವವರಾದರೆ ಸೊಂಟದ ಪಟ್ಟಿ ನೇತಾಡದ ಹಾಗೆ ಕಟ್ಟಿಕೊಳ್ಳಿ, ಇಲ್ಲ ಒಳಗೆ ಮಡಚಿಡೋ ಥರದ್ದು ತಗೊಳ್ಳಿ. ಮೆಟ್ರೋದಲ್ಲಿ ಬ್ಯಾಗ್ ಎದೆ ಮೇಲೆ ಹಾಕಿಕೊಳ್ಳಿ ದಯವಿಟ್ಟು. ಬಯ್ಯಪ್ಪನಹಳ್ಳಿಯಲ್ಲಿ ಹತ್ತುವವರ ಮುಖಕ್ಕೆ ನಿಮ್ಮ ಬಾಟಲಿ ತಾಗುತ್ತೆ.

ಇದಕ್ಕೆ 20-22 ಲೀಟರ್ ಸಾಕು.

ಬೆಟ್ಟದ ಅಕ್ಕ

ಲೀಟರ್ ಲೆಕ್ಕ ಎಲ್ಲರೂ ಹೇಳುತ್ತಾರೆ, ಬೆನ್ನಿನ ಉದ್ದದ ಲೆಕ್ಕ ಯಾರೂ ಹೇಳೋದಿಲ್ಲ. ನನ್ನ ಪ್ರಕಾರ ಚಾರಣದ ಬ್ಯಾಗ್‌ನಲ್ಲಿ ಮುಖ್ಯ ಆಗಿರೋದು ಅದೊಂದೇ.

ತಲೆ ಮುಂದಕ್ಕೆ ಬಗ್ಗಿಸಿ ಕತ್ತಿನ ಹಿಂದೆ ಕೈಯಾಡಿಸಿದರೆ ಒಂದು ಮೂಳೆ ಉಬ್ಬಿಕೊಂಡು ಸಿಗುತ್ತೆ. ಆಮೇಲೆ ಎರಡೂ ಕೈ ಸೊಂಟದ ಮೇಲಿಟ್ಟು ನಿಂತುಕೊಳ್ಳಿ, ಹೆಬ್ಬೆರಳು ಹಿಂದಕ್ಕೆ. ಹೆಬ್ಬೆರಳುಗಳ ನಡುವೆ ಬೆನ್ನ ಮೇಲೆ ಒಂದು ಗೆರೆ ಎಳೆದ ಹಾಗೆ ಅಂದುಕೊಳ್ಳಿ. ಕತ್ತಿನ ಆ ಮೂಳೆಯಿಂದ ಈ ಗೆರೆವರೆಗೆ ದರ್ಜಿ ಟೇಪಿನಲ್ಲಿ ಯಾರಾದರೂ ಅಳೆದು ಹೇಳಲಿ. 45 ಸೆಂಟಿಮೀಟರ್ ಒಳಗೆ ಬಂದರೆ ಸುಮಾರಾಗಿ ಸಣ್ಣ ಸೈಜು, 45-50 ಮಧ್ಯಮ, ಅದಕ್ಕಿಂತ ಮೇಲೆ ದೊಡ್ಡದು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತೆ. ಆರಡಿ ಎತ್ತರದವರಿಗೂ ಬೆನ್ನು ಗಿಡ್ಡ ಇರಬಹುದು, ಕಾಲಷ್ಟೇ ಉದ್ದ. ಎತ್ತರ ನೋಡಿ ಬ್ಯಾಗ್ ಆರಿಸೋದು ದಂಡ.

ಹೆಂಗಸರು ಇದನ್ನ ಇನ್ನೂ ಜಾಸ್ತಿ ನೋಡಬೇಕು. ಬಾಡಿಗೆಗೆ ಸಿಗೋ 50-60 ಲೀಟರ್ ರಕ್‌ಸ್ಯಾಕ್‌ಗಳು ಬಹುಪಾಲು ಗಂಡಸರ ಬೆನ್ನಿಗೆ ಅಂತ ಮಾಡಿದ್ದು. ಕೇದಾರಕಂಠಕ್ಕೆ ಹೋದಾಗ ನಮ್ಮ ಗುಂಪಿನ ಹುಡುಗಿಯೊಬ್ಬಳಿಗೆ ಅಂಥದ್ದೇ ಬಂದಿತ್ತು, ಸೊಂಟದ ಬೆಲ್ಟು ತೊಡೆ ಹತ್ತಿರ ಕೂತಿತ್ತು ಪಾಪ. ಕಾಲೆತ್ತಿ ಹೆಜ್ಜೆ ಇಟ್ಟಾಗಲೆಲ್ಲ ಬ್ಯಾಗು ಮೇಲಕ್ಕೆ ಹಾರುತ್ತಿತ್ತು. ಕೊನೆಗೆ ಗೈಡ್ ಹೆಗಲ ಪಟ್ಟಿಗಳನ್ನ ಒಳಗಡೆ ಗಂಟು ಹಾಕಿ ಗಿಡ್ಡ ಮಾಡಿಕೊಟ್ಟರು.

ಬೆಲ್ಟ್ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡೋದು ಸುಲಭ. ಬ್ಯಾಗಿಗೆ ಏಳೆಂಟು ಕಿಲೋ ಹಾಕಿ. ಬೆಲ್ಟನ್ನ ಹೊಟ್ಟೆ ಮೇಲಲ್ಲ, ಸೊಂಟದ ಎರಡು ಮೂಳೆಗಳ ಮೇಲೆ ಕೂರಿಸಿ ಬಿಗಿ ಮಾಡಿ. ಈಗ ಹೆಗಲ ಪಟ್ಟಿ ಪೂರ್ತಿ ಸಡಿಲ ಮಾಡಿ. ಬ್ಯಾಗ್ ಕೆಳಗೆ ಜಾರದೆ ಅಲ್ಲೇ ನಿಂತರೆ ಭಾರ ಸೊಂಟಕ್ಕೆ ಇಳಿದಿದೆ ಅಂತ. ಜಾರಿದರೆ ಆ ಬೆಲ್ಟ್ ಸುಮ್ನೆ ಅಲಂಕಾರಕ್ಕೆ. 25 ಲೀಟರ್ ಬ್ಯಾಗಿನಲ್ಲಿ ಬರೋ ಒಂದು ಇಂಚಿನ ತೆಳು ಪಟ್ಟಿ ಭಾರ ಹೊರೋದಕ್ಕಲ್ಲ, ಬ್ಯಾಗ್ ಅಲ್ಲಾಡದ ಹಾಗೆ ಹಿಡಿಯೋದಕ್ಕೆ. ಅದರಿಂದ ಜಾಸ್ತಿ ನಿರೀಕ್ಷೆ ಬೇಡ.

ಪರ್ಪಲ್ ಲೈನ್ ಪಯಣಿಗ

ಥ್ಯಾಂಕ್ಸ್ ಅಕ್ಕ, ಅಳೆದೆ. 47 ಬಂತು.

ಅಂದಮೇಲೆ ಆಫೀಸಿಗೂ ಚಾರಣಕ್ಕೂ 25 ಲೀಟರಿನ ಒಂದೇ ಬ್ಯಾಗ್ ಸಾಕು ಅಂತಾಯಿತು. ಆನ್‌ಲೈನ್‌ನಲ್ಲಿ ಒಂದು ಮಿಲಿಟರಿ ಥರದ್ದು ನೋಡಿದೆ, ಹಸಿರು-ಕಂದು ಚುಕ್ಕೆ, ಹೊರಗೆಲ್ಲ ಸಾಲು ಸಾಲು ಪಟ್ಟಿ ಹೊಲಿದಿದ್ದಾರೆ, ಏನು ಬೇಕಾದರೂ ನೇತುಹಾಕಬಹುದು. 1000ಡಿ ಅಂತ ಬರೆದಿದ್ದಾರೆ, ಅರ್ಧ ಬೆಲೆಗೆ ಇದೆ. ಹೇಗೆ?

ಮಾಜಿ ಫೌಜಿ

ಬೇಡ ತಮ್ಮಾ. ಸೇನೆಯ ಹೊಸ ಯೂನಿಫಾರ್ಮು 2022ರ ಜನವರಿ 15ರ ಸೇನಾ ದಿನದಂದು ಬಂತು. ಅದರ ವಿನ್ಯಾಸದ ಹಕ್ಕು ಸೇನೆಯ ಹೆಸರಿನಲ್ಲಿದೆ, ಹೊರಗಡೆ ಮಾರೋ ಹಾಗಿಲ್ಲ. ನೀವು ನೋಡಿದ್ದು ಅದೇನಾ ಬೇರೆಯದಾ ಗೊತ್ತಿಲ್ಲ, ಆದರೆ ಅದನ್ನ ಹೋಲುವ ಬ್ಯಾಗ್ ಹಾಕಿಕೊಂಡು ಸ್ಟೇಷನ್ನು, ಏರ್‌ಪೋರ್ಟು ಅಂತ ತಿರುಗಿ ಉತ್ತರ ಕೊಡೋ ಕೆಲಸ ಯಾಕೆ?

ಅದಕ್ಕಿಂತ ದೊಡ್ಡ ಕಾರಣ ಬೇರೆ. ಕಾಡಿನಲ್ಲಿ ದಾರಿ ತಪ್ಪಿದರೆ ಹುಡುಕಿಕೊಂಡು ಬರುವವರಿಗೆ ನೀವು ಕಾಣಬೇಕು ತಾನೇ? ನಾವು ಕಾಣಬಾರದು ಅಂತ ಹಾಕುತ್ತಿದ್ದದ್ದನ್ನ ನೀವು ದುಡ್ಡು ಕೊಟ್ಟು ಯಾಕೆ ಹಾಕುತ್ತೀರಿ? ಕಿತ್ತಳೆ, ಕೆಂಪು, ನೀಲಿ, ಯಾವುದಾದರೂ ಎದ್ದು ಕಾಣೋ ಬಣ್ಣ ತಗೊಳ್ಳಿ. ಆಫೀಸಿಗೆ ಕಪ್ಪೇ ಬೇಕು ಅಂದರೆ ಮೇಲೆ ಹಾಕೋ ರೇನ್ ಕವರ್ ಆದರೂ ಕಿತ್ತಳೆ ಇರಲಿ.

ಆ ಸಾಲು ಪಟ್ಟಿಗಳು ಲಂಟಾನ ಪೊದೆ ಮಧ್ಯೆ ನುಗ್ಗುವಾಗ ಸಿಕ್ಕಿಕೊಳ್ಳುತ್ತವೆ. ಹೊರಗೆ ನೇತುಹಾಕಿದ ಸಾಮಾನು ನಿಮ್ಮನ್ನ ಹಿಂದಕ್ಕೆ ಎಳೆಯುತ್ತೆ, ಇಳಿಜಾರಿನಲ್ಲಿ ಮಗ್ಗುಲಿಗೂ ಎಳೆಯುತ್ತೆ. ಭಾರದ ವಸ್ತು ಬೆನ್ನಿಗೆ ಒತ್ತಿಕೊಂಡು, ಹೆಗಲ ಮೂಳೆಗಳ ನಡುವೆ ಬರಬೇಕು. ಹಗುರದ್ದು ಕೆಳಗೆ ಮತ್ತು ಹೊರಗಡೆ. ಇಷ್ಟು ಮಾಡಿದರೆ ಅರ್ಧ ದುಡ್ಡಿನ ಬ್ಯಾಗೂ ಚೆನ್ನಾಗಿ ಕೂರುತ್ತೆ.

ಇನ್ನು ಚಾಕು, ಪಕ್ಕಡ್ ಎಲ್ಲ ಸೇರಿದ ಮಲ್ಟಿ ಟೂಲನ್ನ ದಿನದ ಬ್ಯಾಗಿನಲ್ಲೇ ಇಟ್ಟು ಮರೆಯಬೇಡಿ. ಮೆಟ್ರೋ ಸ್ಕ್ಯಾನರ್ ಹತ್ತಿರ ನಿಲ್ಲಿಸಿಕೊಳ್ಳುತ್ತಾರೆ.

ಜಿಪ್ ರನ್ನರ್

ಬ್ಯಾಗ್ ರಿಪೇರಿ ನಮ್ಮ ಮನೆತನದ ಕೆಲಸ. ಹಾಗಾಗಿ ಎಲ್ಲಿ ಕೈಕೊಡುತ್ತೆ ಅಂತ ಹೇಳಬಲ್ಲೆ.

1000ಡಿ ಅನ್ನೋದು ನೂಲಿನ ತೂಕ. 9000 ಮೀಟರ್ ನೂಲು 1000 ಗ್ರಾಂ ತೂಗಿದರೆ ಅದು 1000 ಡೆನಿಯರ್. ನೈಲಾನೋ ಪಾಲಿಯೆಸ್ಟರೋ ಅಂತ ಅದು ಹೇಳೋದಿಲ್ಲ, ನೇಯ್ಗೆ ಎಷ್ಟು ಒತ್ತಾಗಿದೆ ಅಂತಲೂ ಹೇಳೋದಿಲ್ಲ. 210 ಡೆನಿಯರ್ ಒಳ್ಳೆ ನೈಲಾನು, ಚೌಕ ಚೌಕ ದಪ್ಪ ಎಳೆ ಹಾಕಿದ್ದು, ಚಾರಣಕ್ಕೆ ಧಾರಾಳ ಸಾಕು. ದಿನಾ ನೆಲಕ್ಕೆ, ಬಸ್ಸಿನ ಸೀಟಿಗೆ ಉಜ್ಜುವ ಆಫೀಸ್ ಬ್ಯಾಗಿಗೆ ತಳ ಮಾತ್ರ ದಪ್ಪ ಇರಲಿ.

ಆದರೆ ಒಂದು ಮಾತು. ರಿಪೇರಿಗೆ ಬರೋ ಬ್ಯಾಗುಗಳಲ್ಲಿ ಬಟ್ಟೆ ಹರಿದದ್ದು ಬಹಳ ಕಡಿಮೆ. ಬರೋದು ಎರಡೇ. ಹೆಗಲ ಪಟ್ಟಿ ಮೇಲ್ಗಡೆ ಕಿತ್ತುಬಂದದ್ದು ಮತ್ತು ಜಿಪ್ಪು ಕೂರದೇ ಇರೋದು.

ಪಟ್ಟಿ ಹೀಗೆ ನೋಡಿ. ಬ್ಯಾಗನ್ನ ಒಳಗಿನಿಂದ ಹೊರಕ್ಕೆ ತಿರುಗಿಸಿ. ಹೆಗಲ ಪಟ್ಟಿ ಬಂದು ಸೇರೋ ಜಾಗದಲ್ಲಿ ಹೊಲಿಗೆಯ ಆಚೆ ಎಷ್ಟು ಬಟ್ಟೆ ಉಳಿಸಿದ್ದಾರೆ ಅಂತ ಬೆರಳಿಟ್ಟು ನೋಡಿ. ಕಾಲು ಇಂಚಿಗಿಂತ ಕಡಿಮೆ ಇದ್ದರೆ, ಅಂಚು ಎಳೆ ಎಳೆಯಾಗಿ ಬಿಚ್ಚಿಕೊಂಡಿದ್ದರೆ, ಅದು ಒಂದು ದಿನ ಕಿತ್ತುಬರುತ್ತೆ. ಅಂಚಿಗೆ ಪಟ್ಟಿ ಸುತ್ತಿ ಹೊಲಿದಿರಬೇಕು. ಹೊರಗಡೆ ಭಾರ ಬೀಳೋ ಜಾಗದಲ್ಲಿ ಒಂದರ ಮೇಲೊಂದು ಒತ್ತೊತ್ತಾಗಿ ಹೊಡೆದ ದಪ್ಪ ಹೊಲಿಗೆ ಇರಬೇಕು, ಇಲ್ಲ ಚೌಕದೊಳಗೆ ಅಡ್ಡ ಗೀಟು ಹಾಕಿದ ಹೊಲಿಗೆ. ಬ್ಯಾಗನ್ನ ನೆಲದ ಮೇಲೆ ಕಾಲಿನಿಂದ ಒತ್ತಿ ಹಿಡಿದು ಪಟ್ಟಿಯನ್ನ ಮೇಲಕ್ಕೆ ಜಗ್ಗಿ. ಹೊಲಿಗೆ ತೂತುಗಳು ಬಾಯಿ ಬಿಟ್ಟು ಬೆಳಕು ಕಂಡರೆ ವಾಪಸ್ ಇಟ್ಟು ಬನ್ನಿ.

ಅಸ್ತರು ಇನ್ನೊಂದು ತಲೆನೋವು. ನೀರು ಒಳಗೆ ಬರದೇ ಇರಲಿ ಅಂತ ಬಟ್ಟೆಯ ಒಳಮೈಗೆ ಪಿಯು (ಪಾಲಿಯುರೆಥೇನ್) ಲೇಪ ಕೊಟ್ಟಿರುತ್ತಾರೆ. ತೇವದಲ್ಲಿ ಅದು ನಿಧಾನವಾಗಿ ಒಡೆಯುತ್ತೆ. ಕರಾವಳಿ, ಮಲೆನಾಡಿನ ಮನೆಯಲ್ಲಿ ಬೀರು ಒಳಗೆ ಕೆಲವು ವರ್ಷ ಮುಚ್ಚಿಟ್ಟ ಬ್ಯಾಗ್ ತೆಗೆದರೆ ಒಳಗೆಲ್ಲ ಬೆಲ್ಲದ ಪಾಕದ ಥರ ಅಂಟು, ಆಮೇಲೆ ಬಿಳಿ ಪುಡಿ. ಬಳಸದೇ ಇಟ್ಟದ್ದಕ್ಕೇ ಹೀಗಾಗುತ್ತೆ. ತುರ್ತಿಗೆ ಅಂತ ಎತ್ತಿಡೋ ಬ್ಯಾಗಿಗೆ ಇದನ್ನ ನೆನಪಿಡಿ, ಗಾಳಿ ಆಡೋ ಜಾಗದಲ್ಲಿ ನೇತುಹಾಕಿ.

ಆಶ್ಲೇಷ ಮಳೆ

ನಾನು ಮಡಿಕೇರಿ ತಾಲೂಕಿನವನು. ಪಯಣಿಗರೇ, ನಿಮ್ಮ ಅಪ್ಪ ಅಮ್ಮನ ಬ್ಯಾಗಿನ ಬಗ್ಗೆ ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲಿ ಹೊರಟರು. ಅಲ್ಲಿ ಯಾರಿಗೂ ಬ್ಯಾಗ್ ಎಷ್ಟು ಲೀಟರ್ ಅನ್ನೋ ಪ್ರಶ್ನೆ ಬರಲಿಲ್ಲ. ಕತ್ತಲಲ್ಲಿ ಕೈಗೆ ಸಿಗುತ್ತಾ, ಅರವತ್ತೈದು ದಾಟಿದವರು ಹೊತ್ತು ಕೆಸರಲ್ಲಿ ನಡೆಯಬಹುದಾ, ಇಷ್ಟೇ ಪ್ರಶ್ನೆ. ಪರಿಹಾರ ಕೇಂದ್ರಕ್ಕೆ ಬಂದ ಮೇಲೆ ಎಲ್ಲರೂ ಕೇಳಿದ್ದು ಮೂರು: ಬಿಪಿ, ಶುಗರ್ ಮಾತ್ರೆ, ಕನ್ನಡಕ, ಆಧಾರ್ ಮತ್ತು ಪಾಸ್‌ಬುಕ್ಕು.

ಹಾಗಾಗಿ ಹೊಸ ಬ್ಯಾಗ್ ಬೇಡವೇ ಬೇಡ. ನಿಮ್ಮ ಹಳೇ ಕಾಲೇಜ್ ಬ್ಯಾಗ್ ಇದ್ದರೆ ಅದೇ ಆಗುತ್ತೆ, ಪಟ್ಟಿ ಗಟ್ಟಿ ಇದ್ದರೆ ಸಾಕು. ಸೂಟ್‌ಕೇಸ್ ಬೇಡ, ಎರಡೂ ಕೈ ಖಾಲಿ ಇರಬೇಕು, ಒಬ್ಬರನ್ನೊಬ್ಬರು ಹಿಡಿದುಕೊಂಡು ಹೋಗಬೇಕಾಗುತ್ತೆ. ಇಬ್ಬರಿಗೂ ಒಂದೊಂದು ಚಿಕ್ಕದು ಮಾಡಿ, ಒಂದೊಂದೂ ನಾಲ್ಕು ಕಿಲೋ ಒಳಗೆ. ಒಂದೇ ದೊಡ್ಡದು ಮಾಡಿದರೆ ಅಪ್ಪನೇ ಹೊರುತ್ತಾರೆ, ಜಾರಿದರೆ ಎಲ್ಲ ಹೋಯಿತು.

ಒಳಗೆ ಏನು ಅಂದರೆ: ಎರಡು ವಾರದ ಮಾತ್ರೆ ಮತ್ತು ಡಾಕ್ಟರ್ ಚೀಟಿಯ ಜೆರಾಕ್ಸ್, ಹಳೇ ನಂಬರಿನದ್ದಾದರೂ ಸರಿ ಇನ್ನೊಂದು ಕನ್ನಡಕ, ಟಾರ್ಚು, ಶೆಲ್ಲು ಬೇರೆ ಕವರಿನಲ್ಲಿ (ಟಾರ್ಚ್ ಒಳಗೇ ಬಿಟ್ಟರೆ ಸೋರಿ ಹಾಳಾಗುತ್ತೆ), ಸೀಟಿ, ಒಂದು ಲೀಟರ್ ನೀರು, ಓಆರ್‌ಎಸ್ ಪ್ಯಾಕೆಟ್ಟು, ಅವಲಕ್ಕಿ, ಬೆಲ್ಲ, ಹುರಿಗಡಲೆ. ಒಂದು ಜೊತೆ ಬಟ್ಟೆ, ಟವೆಲ್ಲು. ಅಮ್ಮನಿಗೆ ಒಂದು ಸ್ವೆಟರು. ಚಿಕ್ಕ ನೋಟುಗಳಲ್ಲಿ ಎರಡು ಮೂರು ಸಾವಿರ ನಗದು, ಇದನ್ನ ಮರೆಯಬೇಡಿ. ಕರೆಂಟು ಹೋದರೆ ಟವರ್ ಹೋಗುತ್ತೆ, ಟವರ್ ಹೋದರೆ ಯುಪಿಐ ಇಲ್ಲ. ಡಿಜಿಲಾಕರ್ ಒಳ್ಳೆಯದೇ, ಆದರೆ ನೆಟ್‌ವರ್ಕ್ ಇಲ್ಲದ ಕಡೆ ಅದರಿಂದ ಏನೂ ತೆಗೆಯೋದಕ್ಕೆ ಆಗೋದಿಲ್ಲ. ಆಧಾರ್, ಪಾಸ್‌ಬುಕ್ಕು, ರೇಷನ್ ಕಾರ್ಡು, ಇನ್ಶೂರೆನ್ಸ್ ಇವುಗಳ ಜೆರಾಕ್ಸ್ ಜಿಪ್ ಕವರಿನಲ್ಲಿ ಹಾಕಿಡಿ. ಪಹಣಿ ಆನ್‌ಲೈನ್‌ನಲ್ಲಿ ಸಿಗುತ್ತೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಸಲಿ ಕ್ರಯಪತ್ರ ಬ್ಯಾಂಕ್ ಲಾಕರಿನಲ್ಲಿ ಇಡೋದು ವಾಸಿ. ಫೋನ್ ನಂಬರುಗಳನ್ನ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡಿ, ಮೊದಲಲ್ಲೇ 112.

ಸಣ್ಣ ರೇಡಿಯೋ ಒಂದಿದ್ದರೆ ಚೆನ್ನ. ಮಡಿಕೇರಿ ಆಕಾಶವಾಣಿ 103.1ರಲ್ಲಿ ಬರುತ್ತೆ.

ಬ್ಯಾಗ್ ಇಡೋದು ಅಟ್ಟದಲ್ಲಲ್ಲ, ಮಂಚದ ಕೆಳಗೂ ಅಲ್ಲ. ಹೊರಬಾಗಿಲ ಪಕ್ಕ ಮೊಳೆಗೆ ನೇತುಹಾಕಿ, ಪಕ್ಕದಲ್ಲೇ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರೋ ಸ್ಯಾಂಡಲ್ಲು ಅಥವಾ ಬೂಟು. ಪ್ರತಿ ವರ್ಷ ಮೃಗಶಿರಾ ಮಳೆ ಹಿಡಿಯೋ ಮೊದಲು ಬಿಚ್ಚಿ ಮಾತ್ರೆ, ಶೆಲ್ಲು, ಅವಲಕ್ಕಿ ಬದಲಾಯಿಸಿ.

ಕೊನೆಯ ಮಾತು ಬ್ಯಾಗಿನದ್ದಲ್ಲ, ಆದರೂ ಹೇಳುತ್ತೇನೆ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಬಂದರೆ, ಅಂದರೆ ದಿನಕ್ಕೆ 204.5 ಮಿಲಿಮೀಟರ್ ದಾಟೋ ಮಳೆ ಅಂದರೆ, ಕಾಯಬೇಡಿ. ಸಂಜೆ ಬೆಳಕಿರುವಾಗಲೇ ನೆಂಟರ ಮನೆಗೆ ಕಳಿಸಿಬಿಡಿ. ತೋಡಿನ ನೀರು ಇದ್ದಕ್ಕಿದ್ದ ಹಾಗೆ ಕೆಂಪಗಾದರೆ, ಅಂಗಳದಲ್ಲಿ ಹೊಸ ಬಿರುಕು ಕಂಡರೆ, ಸಿಲ್ವರ್ ಓಕ್ ಒಂದು ಕಡೆ ವಾಲಿದರೆ ಬ್ಯಾಗೂ ಬೇಡ, ಮೊದಲು ಹೊರಡಿ.

ಹುಬ್ಬಳ್ಳಿ ಮಂದಿ

ಆಶ್ಲೇಷ ಅವರು ಹೇಳಿದ್ದು ಖರೇ ಐತ್ರೀ. ನಮ್ಮ ಕಡೆ ಗುಡ್ಡ ಇಲ್ಲ, ಹೊಳೆ ಇದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಎಲ್ಲ ಒಟ್ಟಿಗೇ ಬಂದಾಗ ನಮ್ಮ ಅತ್ತೆಯವರ ಊರಿನವರು ಗಂಟುಮೂಟೆ ಕಟ್ಟಿಕೊಂಡು ಶಾಲೆಗೆ ಬಂದರು. ಹೊಳೆ ಬರೋದಾದರೆ ಡ್ಯಾಮಿನಿಂದ ನೀರು ಬಿಡೋ ಸುದ್ದಿ ಮೊದಲೇ ಬರುತ್ತೆ, ಒಂದಿಷ್ಟು ತಾಸು ಸಿಗುತ್ತವೆ, ಗುಡ್ಡದ ಹಾಗಲ್ಲ. ಹಾಗಾಗಿ ಅಲ್ಲಿ ಬ್ಯಾಗಿಗಿಂತ ಜಾಸ್ತಿ ಕಾಳುಕಡಿ, ದನಕರು ಚಿಂತೆ. ದನಕ್ಕೆ ಯಾವ ಬ್ಯಾಗ್ರೀ?

ನೀರಲ್ಲಿ ನಡೆಯೋದು ಬಂದರೆ ಜಿಪ್ ಬ್ಯಾಗು ತಡೆಯೋದಿಲ್ಲ. ಬಾಯಿ ಸುರುಳಿ ಸುತ್ತಿ ಬಕಲ್ ಹಾಕೋ ರಬ್ಬರ್ ಚೀಲ ಬರುತ್ತೆ, ಹತ್ತು ಲೀಟರಿನದ್ದು. ಕಾಗದಪತ್ರ, ಮಾತ್ರೆ, ಫೋನು ಅದರಲ್ಲಿ ಹಾಕಿ ಬ್ಯಾಗಿನೊಳಗೆ ಇಟ್ಟರೆ ಮುಗೀತು.

ಗಿರಿಗದ್ದೆ ಗಿರಾಕಿ

ನೀರಿನ ವಿಷಯ ಬಂತು ಅಂತ ಹೇಳುತ್ತೇನೆ. ರೇನ್ ಕವರ್ ನಂಬಿಕೊಂಡು ಕೂರಬೇಡಿ. ಮಳೆ ಬೆನ್ನ ಮೇಲೆ ಹರಿದು ಪಟ್ಟಿಗಳ ಕಡೆಯಿಂದ ಒಳಗೆ ಇಳಿಯುತ್ತೆ, ಕವರ್ ಮುಚ್ಚೋದು ಹೊರಗಿನ ಮೂರು ಮಗ್ಗುಲು ಮಾತ್ರ. ಗಾಳಿ ಜೋರಾದರೆ ಕವರೇ ಹಾರಿಹೋಗುತ್ತೆ. ದಪ್ಪ ಪಾಲಿಥಿನ್ ಚೀಲ ಒಂದನ್ನ ಬ್ಯಾಗ್ ಒಳಗೆ ಹಾಸಿ, ಸಾಮಾನೆಲ್ಲ ಅದರೊಳಗೆ ತುಂಬಿ ಬಾಯಿ ತಿರುಚಿಡಿ.

ಬೆಟ್ಟದ ಅಕ್ಕ

ಇದಕ್ಕೆ ನಾನು ಒಪ್ಪೋದಿಲ್ಲ. ಒಳಗಿನದು ಒಣಗಿರುತ್ತೆ ಸರಿ, ಬ್ಯಾಗೇ ನೀರು ಕುಡಿದು ಒಂದು ಕಿಲೋ ಭಾರ ಆಗುತ್ತಲ್ಲ? ಫೋಮು ನೆಂದರೆ ಎರಡು ದಿನ ಒಣಗೋದಿಲ್ಲ, ಆಮೇಲೆ ವಾಸನೆ ಹೋಗೋದಿಲ್ಲ. ಎರಡೂ ಹಾಕಿ. ಮತ್ತೆ ನೀವೇ ಮೇಲೆ ಚೆಕ್‌ಪೋಸ್ಟ್ ಪ್ಲಾಸ್ಟಿಕ್ ಅಂತ ಬರೆದಿದ್ದೀರಿ!

ಗಿರಿಗದ್ದೆ ಗಿರಾಕಿ

ಹಹ್ಹಾ, ಆ ಚೀಲವನ್ನೂ ತೋರಿಸಿ ಎಣಿಸಿಕೊಂಡರೆ ಆಯಿತು ಅಕ್ಕ, ವಾಪಸ್ ತರ್ತೀವಲ್ಲ. ಬೆಂಗಳೂರಿನ ಸಂಜೆ ಮಳೆಗೆ ಕವರ್ ಸಾಕು, ಒಪ್ಪಿದೆ. ಘಟ್ಟದ ಮಳೆಗೆ ಸಾಲದು.

ಟೋಕಿಯೊ ಕನ್ನಡತಿ

ಮಲ್ಲೇಶ್ವರದವಳು, ಈಗ ಜಪಾನಿನಲ್ಲಿದ್ದೇನೆ. ಇಲ್ಲಿ ಬಾಗಿಲ ಹತ್ತಿರ ತುರ್ತು ಬ್ಯಾಗ್ ಇಡೋದು ತುಂಬಾ ಸಾಮಾನ್ಯ. 1923ರ ಸೆಪ್ಟೆಂಬರ್ 1ರಂದು ಟೋಕಿಯೊ ಭೂಕಂಪ ಆಗಿತ್ತು, ಆ ದಿನವನ್ನೇ ವಿಪತ್ತು ತಡೆ ದಿನ ಅಂತ ಮಾಡುತ್ತಾರೆ. ಶಾಲೆ, ಆಫೀಸುಗಳಲ್ಲಿ ಕವಾಯತು, ಮನೆಯಲ್ಲಿ ಬ್ಯಾಗ್ ಬಿಚ್ಚಿ ನೋಡೋದು.

ಇಲ್ಲಿ ನನಗೆ ಇಷ್ಟ ಆಗಿದ್ದು ಒಂದು ಪದ್ಧತಿ. ಎತ್ತಿಕೊಂಡು ಓಡೋ ಸಾಮಾನು ಬೇರೆ, ಮನೆಯಲ್ಲೇ ಉಳಿದರೆ ಬೇಕಾಗೋ ಸಾಮಾನು ಬೇರೆ. ನೀರು ಒಬ್ಬರಿಗೆ ದಿನಕ್ಕೆ 3 ಲೀಟರ್, ಕನಿಷ್ಠ ಮೂರು ದಿನಕ್ಕೆ ಅಂತ ಸರ್ಕಾರ ಹೇಳುತ್ತೆ. ಇಬ್ಬರಿಗೆ 18 ಲೀಟರ್ ಆಯಿತು, ಅಂದರೆ 18 ಕಿಲೋ. ಅದನ್ನ ಯಾರು ಹೊರುತ್ತಾರೆ? ಅದು ಮನೆಯಲ್ಲಿರುತ್ತೆ, ಬ್ಯಾಗಿನಲ್ಲಿ ಒಂದೆರಡು ಬಾಟಲಿ ಮಾತ್ರ. ಸೋಮವಾರಪೇಟೆಯಲ್ಲೂ ರಸ್ತೆ ಕಡಿದುಹೋಗಿ ಮನೆಯಲ್ಲೇ ಸಿಕ್ಕಿಕೊಳ್ಳೋದು ಸಾಧ್ಯ ಅಲ್ವಾ? ಅದಕ್ಕೆ ಅಕ್ಕಿ, ಗ್ಯಾಸು, ಕ್ಯಾನ್ ನೀರು ಬೇರೆ ನೋಡಿಕೊಳ್ಳಿ.

ತಿಂಡಿಯನ್ನ ಎತ್ತಿಟ್ಟು ಮರೆಯೋದು ಬೇಡ. ಮನೆಯವರು ದಿನಾ ತಿನ್ನೋದನ್ನೇ ಇಡಿ, ಹಳೇದು ತಿನ್ನಿ, ಹೊಸದು ಹಾಕಿ. ಅವಲಕ್ಕಿ ಇದಕ್ಕೆ ಹೇಳಿ ಮಾಡಿಸಿದ್ದು, ಒಲೆ ಇಲ್ಲದಿದ್ದರೂ ನೆನೆಸಿ ತಿನ್ನಬಹುದು.

500ಡಿ ಪ್ಯಾಸೆಂಜರ್

ಬೆಂಗಳೂರಿನವರಿಗೂ ಬೇಕು ಇದು. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಮುಳುಗಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರು ನಾವು. ಆದರೆ ದಿನಾ ಹೊರೋ ಬ್ಯಾಗಿಗೆ ಅಷ್ಟೆಲ್ಲ ತುಂಬೋದು ಆಗದ ಮಾತು. ನಾನು ಮಾಡಿದ್ದು ಇಷ್ಟು: ಕನ್ನಡಕದ ಡಬ್ಬಿಗಿಂತ ಸ್ವಲ್ಪ ದೊಡ್ಡ ಪೌಚು. ಪವರ್ ಬ್ಯಾಂಕು, ಚಿಕ್ಕ ಟಾರ್ಚು, ಸೀಟಿ, ಬ್ಯಾಂಡೇಜು, ಪ್ಯಾರಾಸಿಟಮಾಲು, ಓಆರ್‌ಎಸ್ಸು, 500 ರೂಪಾಯಿ. ಆಫೀಸ್ ಬ್ಯಾಗ್ ಆಗಲಿ, ಚಾರಣದ ಬ್ಯಾಗ್ ಆಗಲಿ, ಆ ಪೌಚು ಅದರೊಳಗೆ ಹೋಗುತ್ತೆ. ಬ್ಯಾಗ್ ಯಾವುದಾದರೇನು?

ಪವರ್ ಬ್ಯಾಂಕ್ 10,000 ಎಂಎಎಚ್ ಸಾಕು. ಈಗಿನ 5000 ಎಂಎಎಚ್ ಫೋನಿಗೆ ಅದರಿಂದ ಎರಡು ಸಲ ಪೂರ್ತಿ ಸಿಗೋದಿಲ್ಲ, ಮಧ್ಯದಲ್ಲಿ ಒಂದಿಷ್ಟು ಪೋಲಾಗುತ್ತೆ. ಆದರೆ 20,000ದ್ದು ದಿನಾ ಹೊರೋದಕ್ಕೆ ಇಟ್ಟಿಗೆ. ವಿಮಾನದಲ್ಲಿ ಹೋದರೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿಗೆ ಹಾಕೋ ಹಾಗಿಲ್ಲ.

ಪರ್ಪಲ್ ಲೈನ್ ಪಯಣಿಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಅಂಗಡಿಗೆ ನನ್ನ ಲ್ಯಾಪ್‌ಟಾಪು, ಡಬ್ಬಿ, ಎರಡು ಬಾಟಲಿ ನೀರು ಎಲ್ಲ ಹೊತ್ತುಕೊಂಡೇ ಹೋಗಿದ್ದೆ, ಸೇಲ್ಸ್‌ನವರು ವಿಚಿತ್ರವಾಗಿ ನೋಡಿದರು. 26 ಲೀಟರಿನ ನೀಲಿ ಬ್ಯಾಗ್ ತಗೊಂಡೆ, 2 ಸಾವಿರ ಚಿಲ್ಲರೆ. ಬೆನ್ನ ಹತ್ತಿರ ಜಾಲರಿ ಇದೆ, ಲ್ಯಾಪ್‌ಟಾಪ್ ಜೇಬು ತಳದಿಂದ ಮೇಲಿದೆ, ಪಟ್ಟಿ ಜಗ್ಗಿ ನೋಡಿದೆ. ಇನ್ನೊಂದು ಬ್ಯಾಗ್ ಇದಕ್ಕಿಂತ ಚೆಂದ ಇತ್ತು, ಆದರೆ ಒಳಗೆ ಹೊಲಿಗೆ ಅಂಚು ಬಿಚ್ಚಿಕೊಂಡಿತ್ತು, ಬಿಟ್ಟೆ. ಉಳಿದ ದುಡ್ಡಲ್ಲಿ ರಬ್ಬರ್ ಚೀಲ ಎರಡು, ಟಾರ್ಚ್ ಎರಡು, ರೇಡಿಯೋ ಒಂದು. ಅಮ್ಮನಿಗೆ ಫೋನ್ ಮಾಡಿ ಹೇಳಿದರೆ, ಬ್ಯಾಗಿನಲ್ಲಿ ಅರಿಶಿನ ಕುಂಕುಮದ ಭರಣಿಯೂ ಇರಲಿ ಅಂದರು. ಇರಲಿ ಬಿಡಿ, ಐವತ್ತು ಗ್ರಾಂ.

ಜಿಪ್ ರನ್ನರ್ ಅಣ್ಣ, ಮನೆಯಲ್ಲಿ ನನ್ನ ಹಳೇ ಕಾಲೇಜ್ ಬ್ಯಾಗ್ ಒಂದು ಸಿಕ್ಕಿದೆ. ಪಟ್ಟಿ ಗಟ್ಟಿ ಇದೆ, ಆದರೆ ಜಿಪ್ ಎಳೆದರೆ ಹಿಂದೆ ಹಿಂದೆ ಬಾಯಿ ಬಿಟ್ಟುಕೊಳ್ಳುತ್ತೆ. ಇನ್ನೊಂದು, ಅಪ್ಪನಿಗೆ ಬೆರಳು ಸರಿಯಾಗಿ ಬಗ್ಗೋದಿಲ್ಲ, ಜಿಪ್ ಹಿಡಿಯೋದೇ ಕಷ್ಟ. ಹೊಸ ಜಿಪ್ ಹಾಕಿಸಬೇಕಾ?

ಜಿಪ್ ರನ್ನರ್

ಹಲ್ಲು ಸರಿ ಇದ್ದರೆ ಜಿಪ್ ಬದಲಾಯಿಸೋದು ಬೇಡ, ರನ್ನರ್ ಸವೆದಿದೆ ಅಷ್ಟೇ. ಪಕ್ಕಡ್ ತಗೊಂಡು ರನ್ನರಿನ ಹಿಂಭಾಗ, ಅಂದರೆ ಹಲ್ಲು ಕೂಡಿಕೊಂಡು ಹೊರಗೆ ಬರೋ ಕಡೆ, ಎಡಕ್ಕೊಂದು ಬಲಕ್ಕೊಂದು ಸಲ ಮೆಲ್ಲಗೆ ಒತ್ತಿ. ಜೋರಾಗಿ ಒತ್ತಿದರೆ ಒಡೆಯುತ್ತೆ, ಸತುವಿನದ್ದು ಅದು. ಕೂಡಿಕೊಂಡರೆ ಸದ್ಯಕ್ಕೆ ನಡೆಯುತ್ತೆ, ಆದರೆ ತುರ್ತಿನ ಬ್ಯಾಗ್ ಅಂದಿರಲ್ಲ, ಹೊಸ ರನ್ನರೇ ಹಾಕಿಸಿಬಿಡಿ. ಹಳೇ ರನ್ನರಿನ ಹಿಂದೆ 5, 8, 10 ಅಂತ ನಂಬರ್ ಕೆತ್ತಿರುತ್ತಾರೆ, ಅದೇ ನಂಬರು, ಅದೇ ಥರದ್ದು ಕೇಳಿ. ಹಾಕಿದ ಮೇಲೆ ಹಲ್ಲಿನ ಮೇಲೆ ಮೇಣದಬತ್ತಿ ಉಜ್ಜಿ. ಎಣ್ಣೆ ಹಾಕಬೇಡಿ, ಧೂಳು ಕೂರುತ್ತೆ.

ಅಪ್ಪನವರಿಗೆ ರನ್ನರಿನ ತೂತಿಗೆ ಚಪ್ಪಟೆ ಲಾಡಿ ಒಂದು ಗೇಣು ಪೋಣಿಸಿ ದೊಡ್ಡ ಗಂಟು ಹಾಕಿಕೊಡಿ. ಕೆಂಪು ಲಾಡಿ ಇರಲಿ. ಬೆರಳು ತೂರಿಸಿ ಎಳೆದರೆ ಸಾಕು, ಚಳಿಗೆ ಕೈ ಮರಗಟ್ಟಿದ್ದರೂ ಬರುತ್ತೆ.